ಕಣ್ಣಳತೆ ಮೇಷ್ಟ್ರ ಹುಬ್ಬು

ದಂತ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ಕಣ್ಣಳತೆ ಮೇಷ್ಟ್ರು ಎಂದೇ ಹೆಸರು. ರೋಗಿ ಬಾಯಿ ತೆರೆದರೆ ಸಾಕು, ನೋವಿನ ಮೂಲ ಯಾವ ಹಲ್ಲೆಂದು ಹೇಳಿಬಿಡುತ್ತಿದ್ದರು. ಅದು ತಪ್ಪಿದ್ದನ್ನು ಕಂಡವರಿಲ್ಲ. ಇಂಥ ಮನುಷ್ಯನಿಗೆ ಹೊಟ್ಟೆಕಿಚ್ಚೇಕೆ ಬರಬೇಕು? ಬಂದಿತ್ತು, ಚೆನ್ನಾಗಿಯೇ ಬಂದಿತ್ತು. ಅವರ ಕೈಕೆಳಗೇ ಕಲಿತ ಹುಡುಗಿಯೊಬ್ಬಳು ಈಗ ರೋಗಿಗಳನ್ನು ನೋಡುವ ಅದೇ ಹಾಲ್‌ನಲ್ಲಿ, ಎದುರು ಸಾಲಿನ ಕುರ್ಚಿಗಳಿಗೆ ಮೇಡಂ ಆಗಿದ್ದಳು. ಇಷ್ಟು ವರ್ಷ ಮೇಷ್ಟ್ರದ್ದೇ ಆಗಿದ್ದ ಕೊನೆಯ ವರ್ಷದ ವಿದ್ಯಾರ್ಥಿಗಳ ಕ್ಲಿನಿಕ್ಕನ್ನು ಇನ್ನುಮುಂದೆ ಇಬ್ಬರಲ್ಲಿ ಯಾರಿಗೆ ಒಪ್ಪಿಸುವುದೆಂದು ಪ್ರಿನ್ಸಿಪಾಲರು ಆ ವಾರವೇ ತೀರ್ಮಾನಿಸುವವರಿದ್ದರು.

ಮೇಡಂ ಯಾವ ಉತ್ತರವನ್ನೂ ಹೇಳುತ್ತಿರಲಿಲ್ಲ. "ಯಾಕೆ? ಇನ್ನೇನಿರಬಹುದು? ಹೇಗೆ ಗೊತ್ತಾಯ್ತು?" ಎಂದು ಕೇಳಿ ಕೇಳಿ ಹುಡುಗರ ತಲೆ ತಿನ್ನುತ್ತಿದ್ದಳು. ಆದರೂ ಹುಡುಗರು ಅತ್ತಲೇ ಮುಗಿಬೀಳುತ್ತಿದ್ದರು. ಅಲ್ಲಿ ವಾದ, ಜಗಳ, ನಗು. ಇತ್ತ ಮೇಷ್ಟ್ರ ಹೊಟ್ಟೆಯಲ್ಲಿ ಬೆಂಕಿ. ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಪುರಾಣ.

"ನಿಮ್ಮ ಶಿಷ್ಯೆ ತಾನೇ? ಖುಷಿಪಡಿ," ಎಂದಳು ಹೆಂಡತಿ.

"ಖುಷಿ ಪಡ್ತಿದೀನಲ್ಲ!" ಎಂದು ಮೇಷ್ಟ್ರು ತಟ್ಟೆ ತಳ್ಳಿ ಎದ್ದರು.

ಮರುದಿನ ಕುರ್ಚಿಯಲ್ಲೊಬ್ಬ ದರ್ಜಿ ಕೆಳದವಡೆ ಹಿಡಿದುಕೊಂಡು ನರಳುತ್ತಿದ್ದ. ಮೇಷ್ಟ್ರಿಗೆ ನೋಡಿದೊಡನೆ ಗೊತ್ತಾಯಿತು: ಹಾಳಾಗಿರುವುದು ಮೇಲಿನ ಹಲ್ಲು, ನೋವು ಮಾತ್ರ ಕೆಳಗೆ ಕಾಣಿಸಿಕೊಂಡು ಯಾಮಾರಿಸುತ್ತಿದೆ. ಅವರ ನೆಚ್ಚಿನ ವಿದ್ಯಾರ್ಥಿ ತಣ್ಣನೆಯ ಹತ್ತಿಯುಂಡೆಯನ್ನು ಒಂದೊಂದೇ ಹಲ್ಲಿಗೆ ಮುಟ್ಟಿಸುತ್ತ ಹೋದ. ಮೇಲಿನದಕ್ಕೆ ಮುಟ್ಟಿಸಿದಾಗ ದರ್ಜಿ ಹಾರಿಬಿದ್ದ.

"ಮೇಲಿನದು ಸರ್," ಎಂದ ಹುಡುಗ.

ಅದೇ ಹೊತ್ತಿಗೆ ಎದುರು ಸಾಲಿನಲ್ಲಿ ಗೊಳ್ಳೆಂದು ನಗು. ಮೇಷ್ಟ್ರು ಅತ್ತ ನೋಡಿ ಹುಬ್ಬು ಗಂಟಿಕ್ಕಿದರು.

"ಅಲ್ಲಲ್ಲ ಸರ್, ಕೆಳಗಿನದು!" ಎಂದು ಹುಡುಗ ತಿದ್ದಿಕೊಂಡ.

ಮೇಷ್ಟ್ರು ಅವನತ್ತ ತಿರುಗಿದರು. "ಹತ್ತಿ ಇಟ್ಟಾಗ ಇವ್ರು ಹಾರಿಬಿದ್ದದ್ದು ಯಾವುದಕ್ಕಪ್ಪ?"

"ಮೇಲಿನದಕ್ಕೆ ಸರ್."

"ಮತ್ತೆ ಯಾಕೆ ಮಾತು ಬದಲಾಯಿಸ್ದೆ?"

"ನೀವು ಹುಬ್ಬು ಗಂಟು ಹಾಕಿದ್ರಲ್ಲ ಸರ್. ಎಡಹುಬ್ಬು ಮೇಲೆ ಹೋದ್ರೆ ಸರಿ, ಎರಡೂ ಗಂಟಾದ್ರೆ ತಪ್ಪು. ಸೀನಿಯರ್‌ಗಳೇ ಹೇಳ್ಕೊಟ್ಟಿದ್ದು."

"ಇಬ್ರೂ ಸೇರಿ ಒಂದು ತೀರ್ಮಾನಕ್ಕೆ ಬನ್ನಿ ಸ್ವಾಮಿ, ಹಲ್ಲು ನಂದು," ಎಂದ ದರ್ಜಿ.

ಮೇಷ್ಟ್ರಿಗೆ ಆಗ ಹೊಳೆಯಿತು. ವರ್ಷವರ್ಷವೂ ಅವರು ಪಾಸು ಮಾಡಿ ಕಳಿಸಿದವರು ಓದಿದ್ದು ರೋಗಿಯ ಬಾಯನ್ನಲ್ಲ, ಅವರ ಮುಖವನ್ನು. ಈಗ ಆ ಡಾಕ್ಟರುಗಳೆಲ್ಲ ತಂತಮ್ಮ ಕ್ಲಿನಿಕ್ಕಿನಲ್ಲಿ ಒಬ್ಬರೇ ನಿಂತು ಯಾರ ಹುಬ್ಬು ನೋಡುತ್ತಾರೆ? ಎಷ್ಟು ಗಟ್ಟಿ ಹಲ್ಲು ಕಿತ್ತಿದ್ದಾರೋ!

ಆದರೂ ಒಂದು ಆಸೆ ಉಳಿದಿತ್ತು: ಒಬ್ಬಳಾದರೂ ತಮ್ಮಿಂದ ನಿಜವಾಗಿ ಕಲಿತಿರಬೇಕು. ಮೇಡಂ ಕೂಡ ತಮ್ಮ ಕೈಯಲ್ಲೇ ತಯಾರಾದವಳಲ್ಲವೇ? ಮಧ್ಯಾಹ್ನ ಕೈತೊಳೆಯುವ ಜಾಗದಲ್ಲಿ ಅವಳನ್ನು ತಡೆದು ಕೇಳಿದರು. "ನಿಜ ಹೇಳಮ್ಮ, ನೀನೂ ನನ್ನ ಹುಬ್ಬು ನೋಡ್ಕೊಂಡೇ ಹೇಳ್ತಿದ್ಯಾ?"

ಅವಳು ನಕ್ಕಳು. "ಇಲ್ಲ ಸರ್. ಆಗ ನಂಗೆ ದೂರದ್ದೆಲ್ಲ ಮಸುಕು, ಕನ್ನಡಕ ಮಾಡಿಸ್ಕೊಂಡಿರ್ಲಿಲ್ಲ. ಹಲ್ಲು ಕಾಣ್ತಿತ್ತು, ನಿಮ್ಮ ಮುಖ ಕಾಣ್ತಿರ್ಲಿಲ್ಲ."

ಸಂಜೆ ಮೇಷ್ಟ್ರು ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಕ್ಲಿನಿಕ್ಕನ್ನು ಅವಳಿಗೇ ಕೊಡಿ ಎಂದರು. ಹೊಟ್ಟೆಕಿಚ್ಚು ಆರಿತ್ತೆಂದಲ್ಲ, ಇನ್ನೂ ಜೋರಾಗಿತ್ತು.

"ದೊಡ್ಡ ಮನಸ್ಸು ನಿಮ್ಮದು," ಎಂದರು ಪ್ರಿನ್ಸಿಪಾಲರು. "ಎಷ್ಟಾದ್ರೂ ನೀವೇ ತಿದ್ದಿ ತೀಡಿದ ಹುಡುಗಿ ಅಲ್ವಾ?"

ಬಾಯಿಗೆ ಬಂದ ಹೌದನ್ನು ಮೇಷ್ಟ್ರು ನುಂಗಿಕೊಂಡರು.