ಕೊನೆಯ ಸಾಲಿನ ಕುರ್ಚಿ

ನಮ್ಮೂರ ಮೈಕ್‌ಸೆಟ್ಟಿನವನನ್ನು ಕೇಳಿದರೆ ದೇಶ ನಡೆಯುವುದೇ ಅವನ ಆಂಪ್ಲಿಫೈಯರಿನ ಗುಂಡಿಯಿಂದ. ಮದುವೆಯಿರಲಿ, ಚುನಾವಣೆಯ ಸಭೆಯಿರಲಿ, ಒಂದು ಹಾಡು ಹಾಕಿ, ಕೊನೆಯ ಸಾಲಿನ ಖಾಲಿ ಕುರ್ಚಿಯಲ್ಲಿ ಕೂತು ಅಲ್ಲಿಗೆ ದನಿ ಮುಟ್ಟುತ್ತಿದೆಯೇ ಎಂದು ಕೇಳಿ ನೋಡದೆ ಅವನಿಗೆ ಸಮಾಧಾನವಿಲ್ಲ. ಯಾವನೋ ನಾಯಕ ದೇಶದ ಹಣೆಬರಹ ಬದಲಾಯಿಸುತ್ತಾನೆಂದು ಯಾರಾದರೂ ಅಂದರೆ ಸಾಕು, "ವೈರ್ ಕಿತ್ರೆ ಇವರ ಗಂಟಲು ಮೂರನೇ ಸಾಲಿಗೂ ಮುಟ್ಟಲ್ಲ ಸ್ವಾಮಿ! ಒಬ್ಬರಿಂದ ಏನಾಗುತ್ತೆ?" ಎಂದು ಮೂಗು ಮುರಿಯುತ್ತಾನೆ. ಹನ್ನೊಂದು ಮಂದಿ ನಾಯಕರಿಗೆ ಮೈಕ್ ಕಟ್ಟಿದ್ದಾನೆ; ಒಬ್ಬರ ಭಾಷಣವೂ ನೆನಪಿಲ್ಲ, ಯಾರ್ಯಾರು ಮೈಕಿಗೆ ಉಗುಳು ಹಾರಿಸಿದರೆಂಬುದು ಮಾತ್ರ ಬಾಯಿಪಾಠ. ಈಗ ಮೂರು ವರ್ಷದಿಂದ ಅವನನ್ನು ಯಾವ ಪಕ್ಷವೂ ಕರೆಯುವುದಿಲ್ಲ. ಮೂರು ವರ್ಷದ ಹಿಂದೆ ದೊಡ್ಡ ನಾಯಕರೊಬ್ಬರ ಸಭೆಯಲ್ಲಿ ಕೆಲಸ ಕಳೆದುಕೊಂಡ ಹೆಂಗಸೊಬ್ಬಳು ವೇದಿಕೆ ಹತ್ತಿ, ಮುಚ್ಚಿದ ಬಟ್ಟೆಗಿರಣಿ ಯಾವಾಗ ತೆರೆಯುತ್ತೀರೆಂದು ಮೈಕಿನಲ್ಲೇ ಕೇಳಿಬಿಟ್ಟಳು. "ಆಫ್ ಮಾಡೋ!" ಎಂದು ನಾಯಕರೇ ಗದರಿದರು. ಇವನು ಗುಂಡಿಗೆ ಕೈಹಾಕಿ ಅವಳ ದನಿಯನ್ನು ಇನ್ನಷ್ಟು ಏರಿಸಿದ. "ಗಿರಣಿ ತೆರೀತೇನಪ್ಪಾ? ಸುಮ್ನೆ ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಂಡೆ" ಎಂದು ಮೊನ್ನೆ ನಾನು ಅವನನ್ನು ಕೆಣಕಿದೆ. ಮೈಕಿನ ಜಾಲರಿ ಒರೆಸುತ್ತಲೇ ಅವನೆಂದ: "ತೆರೀಲಿಲ್ಲ. ಆದ್ರೆ ಕೊನೇ ಸಾಲಿನೋರು ಎದ್ದು ನಿಂತ್ರು."