ಆಣೆಯ ಹೊರಗಿನ ಕಷಾಯ

ಚಹಾ ಬಿಟ್ಟವರ ಮುಖವನ್ನು ಮೊದಲ ವಾರ ಯಾರೂ ನೋಡಬಾರದು. ನಾನು ಬಿಟ್ಟಾಗ ತಲೆ ಸಿಡಿದು ಹೋಗುತ್ತಿತ್ತು, ಕಂಡವರ ಮೇಲೆಲ್ಲ ಹರಿಹಾಯುತ್ತಿದ್ದೆ. ನಮ್ಮ ಮನೆಯವರು ಏನೋ ನೆಪ ಹೇಳಿ ಪೇಟೆಗೆ ಹೋಗಿ ಕೂತುಬಿಡುತ್ತಿದ್ದರು. ಹಾನಗಲ್ಲಿನಲ್ಲಿ ಬಾಳ್ವೆ ಮಾಡಿಕೊಂಡು ಚಹಾ ಬಿಡುವುದೆಂದರೆ ಊರಿನ ಜೊತೆಗೇ ಜಗಳ ತೆಗೆದಂತೆ. ಯಾರ ಮನೆಗೆ ಕಾಲಿಟ್ಟರೂ ಅರ್ಧ ಕಪ್ಪಾದರೂ ತಗೊಳ್ಳಿ ಎನ್ನುತ್ತಾರೆ, ಬೇಡ ಎಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಆದರೆ ನನಗೆ ಎದೆಯುರಿ, ಮೇಲಾಗಿ ನಿದ್ದೆಯಿಲ್ಲ. ಚಹಾ ನಿಲ್ಲಿಸಿ ನೋಡಿ ಎಂದು ಡಾಕ್ಟರರು ಹೇಳಿದ್ದರು.

ನಿದ್ದೆ ಕೆಟ್ಟದ್ದು ಚಹಾದಿಂದಲ್ಲ ಎಂದು ನನಗೆ ಗೊತ್ತಿತ್ತು. ಡಾಕ್ಟರರ ಮುಂದೆ ಮನೆಯ ಕಥೆ ಯಾರು ಹೇಳುತ್ತಾರೆ?

ನಮ್ಮದು ಮೊದಲು ಒಂದೇ ದೊಡ್ಡ ಮನೆ. ಮಾವನವರು ತೀರಿಕೊಂಡ ಮೇಲೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದರು. ಈ ಕಡೆ ನಾವು, ಆ ಕಡೆ ನಮ್ಮ ಮನೆಯವರ ಅಣ್ಣ ಮತ್ತು ಅವರ ಹೆಂಡತಿ. ಅವರನ್ನು ನಾನು ಭಾವನವರು ಎನ್ನುತ್ತೇನೆ, ನೆಗೆಣ್ಣಿಯನ್ನು ಅಕ್ಕ ಎನ್ನುತ್ತೇನೆ. ಗೋಡೆ ಎದ್ದಾಗ ಯಾರಿಗೂ ಬೇಸರವಾಗಲಿಲ್ಲ, ಹಿತ್ತಲು ಒಂದೇ ಉಳಿದಿತ್ತಲ್ಲ. ಪಲ್ಯ, ಚಟ್ನಿ, ಮೊಸರು ಎಲ್ಲ ಆ ದಾರಿಯಲ್ಲಿ ಓಡಾಡುತ್ತಿದ್ದವು.

ಕೆಟ್ಟದ್ದು ನಮ್ಮ ಮಗಳ ಮದುವೆಯ ಹೊತ್ತಿಗೆ. ಶಿಗ್ಗಾವಿಯ ಬೀಗರು ಒಂದು ಮಧ್ಯಾಹ್ನ ಫೋನು ಮಾಡಿ, ಇಂಥ ದಿನ ಚಲೋ ಇದೆ, ಗಟ್ಟಿ ಮಾಡಿಬಿಡೋಣ ಎಂದರು. ನಮ್ಮವರು ಖುಷಿಯಲ್ಲಿ ಹೂಂ ಅಂದುಬಿಟ್ಟರು. ಭಾವನವರು ಹೊಲಕ್ಕೆ ಹೋಗಿದ್ದರು, ಬಂದ ಮೇಲೆ ಹೇಳಿದರಾಯಿತು ಎಂದುಕೊಂಡೆವು. ಅಷ್ಟರಲ್ಲಿ ನಮ್ಮೂರಿನಲ್ಲೇ ಇದ್ದ ಬೀಗರ ಸಂಬಂಧಿಕರೊಬ್ಬರು ಕ್ಷೌರದಂಗಡಿಯಲ್ಲಿ ಕೂತು, ಹೊಲದಿಂದ ಬರುತ್ತ ಅಲ್ಲಿ ಹೊಕ್ಕ ಭಾವನವರಿಗೆ ಸುದ್ದಿ ಹೇಳಿದ್ದರು. ಮನೆಯ ಹಿರಿಯನಿಗೆ ಮನೆಯ ಮದುವೆ ಸುದ್ದಿ ಕ್ಷೌರದಂಗಡಿಯಲ್ಲಿ ಸಿಗುವುದು ಸಣ್ಣ ಮಾತಲ್ಲ. ಭಾವನವರು ಒಳಗೆ ಬರಲಿಲ್ಲ. ಅಂಗಳದಲ್ಲಿ ನಿಂತು, ದನಿ ಏರಿಸದೆ ಹೇಳಿದರು:

“ಇನ್ನ ಈ ಮನ್ಯಾಗ ಒಂದು ಹನಿ ನೀರು ಕುಡದ್ರ ನಾ ನಮ್ಮಪ್ಪಗ ಹುಟ್ಟಿದಂವಲ್ಲ.”

ಕೂಗಾಡಿದ್ದರೆ ನಾಲ್ಕು ದಿನದಲ್ಲಿ ತಣ್ಣಗಾಗುತ್ತಿತ್ತೋ ಏನೋ. ಮದುವೆಗೆ ಬಂದರು, ಅಕ್ಷತೆ ಹಾಕಿದರು, ಮಗಳ ತಲೆ ಸವರಿದರು, ಊಟದ ಪಂಕ್ತಿಯತ್ತ ತಿರುಗಿಯೂ ನೋಡದೆ ಹೊರಟುಹೋದರು. ಮಗಳು ಬಾಸಿಂಗ ಕಟ್ಟಿಕೊಂಡೇ ಅತ್ತಳು. ನಮ್ಮವರಾದರೂ ಹೋಗಿ, ತಪ್ಪಾಯಿತು ಅಣ್ಣ ಎನ್ನಬೇಕಿತ್ತು. ಅಂವ ಬರಬೇಕಾದರೆ ಬರಲಿ ಎಂದು ಇವರೂ ಸೆಟೆದು ಕೂತರು. ಒಂದೇ ಅಂಗಳದಲ್ಲಿ ಅಣ್ಣತಮ್ಮಂದಿರು ಎದುರಾದರೆ ಒಬ್ಬರು ಆಕಾಶ ನೋಡುವುದು, ಇನ್ನೊಬ್ಬರು ಚಪ್ಪಲಿ ನೋಡುವುದು. ಮದುವೆಯಾದ ಮಗಳಿಗೆ ಮಗುವಾಯಿತು, ಆ ಮಗು ನಡೆಯಲು ಕಲಿಯಿತು, ಇವರ ಮಾತು ಮಾತ್ರ ಹುಟ್ಟಲಿಲ್ಲ. ಆ ಇಬ್ಬರು ಒಮ್ಮೆ ನಮ್ಮ ಕಟ್ಟೆಯ ಮೇಲೆ ಕೂತು ಬಿಟ್ಟರೆ ಸಾಕು, ನನಗೆ ಇನ್ನೇನೂ ಬೇಡ ಎಂದು ಹಾಸಿಗೆಯಲ್ಲಿ ಹೊರಳಾಡುತ್ತಿದ್ದೆ.

ಹೀಗಿರುವಾಗ ಕಷಾಯ ಶುರುವಾಯಿತು. ಹವೀಜ ಅಂದರೆ ಕೊತ್ತಂಬರಿ ಬೀಜ, ಜೀರಿಗೆ, ಒಣ ಶುಂಠಿ, ನಾಲ್ಕು ಮೆಣಸು ಹುರಿದು ಕುಟ್ಟಿ ಡಬ್ಬಿಯಲ್ಲಿಟ್ಟೆ. ನಮ್ಮ ಬಚ್ಚಲ ನೀರು ಹರಿಯುವಲ್ಲಿ ನಿಂಬೆಹುಲ್ಲಿನ ದೊಡ್ಡ ಪೊದೆಯಿದೆ. ಅಕ್ಕ ಯಾವಾಗಲೋ ತನ್ನ ತವರು ಮಾಸೂರಿನಿಂದ ಒಂದು ಬುಡ ತಂದು ಊರಿದ್ದು. ಅದರ ಎರಡು ಎಸಳು ಮುರಿದು ಹಾಕಿ, ಬೆಲ್ಲದ ಚೂರು ಹಾಕಿ ಕುದಿಸಿದರೆ ಮನೆಯೆಲ್ಲ ಘಮಘಮ. ಮೊದಮೊದಲು ಬಾಯಿಗೆ ಹತ್ತಲಿಲ್ಲ. ಆಮೇಲೆ ಒಂದು ತಿಳಿಯಿತು: ಚಹಾವನ್ನು ನಾವು ನಿಂತೇ ಗಟಗಟ ಕುಡಿದು ಕೆಲಸಕ್ಕೆ ಓಡುತ್ತೇವೆ, ಕಷಾಯಕ್ಕೆ ಕೂರಲೇಬೇಕು. ಊದಬೇಕು, ಗುಟುಕರಿಸಬೇಕು, ಲೋಟದ ಬಿಸಿ ಅಂಗೈಗೆ ಹತ್ತಬೇಕು. ಗುಣ ಹವೀಜದ್ದೋ, ಹಾಗೆ ಸುಮ್ಮನೆ ಕೂತದ್ದರದ್ದೋ, ನನಗೆ ಗೊತ್ತಿಲ್ಲ. ಎದೆಯುರಿ ಕಡಿಮೆಯಾದದ್ದು ನಿಜ. ನಮ್ಮವರೂ ಗೊಣಗುತ್ತ ಗೊಣಗುತ್ತ ಅದಕ್ಕೇ ಬಂದರು.

ಒಮ್ಮೆ ಸವಣೂರಿಗೆ, ನನ್ನ ತಂಗಿಯ ಮನೆಗೆ, ಡಬ್ಬಿ ಕಟ್ಟಿಕೊಂಡು ಹೋಗಿದ್ದೆ. ತಂಗಿಯ ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಏನು ಜಡ್ಡಾಗಿದೆ ಎಂದು ಬಲು ಕಾಳಜಿಯಿಂದ ಕೇಳಿದರು. ಏನೂ ಆಗಿಲ್ಲ ಎಂದರೆ ನಂಬಲೇ ಇಲ್ಲ. ನಮ್ಮ ಕಡೆ ಕಷಾಯ ಕುಡಿಯುವವರೆಂದರೆ ಜಡ್ಡಿನವರು, ಅಷ್ಟೇ. ನನಗೆ ಸಿಟ್ಟು ನೆತ್ತಿಗೇರಿತು. ಬಸ್ಸಿನಲ್ಲಿ ವಾಪಸು ಬರುವಾಗ ಮಾತ್ರ ತಲೆಯಲ್ಲಿ ಏನೋ ಹೊಳೆದು ಒಬ್ಬಳೇ ನಕ್ಕೆ.

ಮರುದಿನ ಸಂಜೆ ಅಕ್ಕ ಹಿತ್ತಲಿಗೆ ಬಟ್ಟೆ ತೆಗೆಯಲು ಬಂದಳು. ಗಂಡ ಆಣೆ ಮಾಡಿದಂದಿನಿಂದ ಅವಳೂ ನಮ್ಮ ಮನೆಯ ನೀರು ಮುಟ್ಟುತ್ತಿರಲಿಲ್ಲ. ಮಾತಿಗೇನೂ ಅಡ್ಡಿಯಿರಲಿಲ್ಲ, ಆದರೆ ಕೈಯಲ್ಲಿ ಏನೂ ಹಿಡಿಯದೆ ಎಷ್ಟು ಹೊತ್ತು ಮಾತಾಡುವುದು? ನಾನು ಲೋಟ ಮುಂದೆ ಹಿಡಿದೆ. ಅವಳು ಹಿಂದೆ ಸರಿದಳು.

“ಇದು ಚಹಾ ಅಲ್ಲಕ್ಕ, ಔಷಧ,” ಅಂದೆ. “ದವಾಖಾನ್ಯಾಗ ಗುಳಿಗಿ ಕೊಟ್ರ ಯಾರ ಮನಿ ನೀರಂತ ಕೇಳತಿಯೇನು?”

ಅಕ್ಕ ನನ್ನ ಮುಖ ನೋಡಿದಳು, ಲೋಟ ನೋಡಿದಳು. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಪೂರಾ ಕುಡಿದಳು. ಅಂದಿನಿಂದ ಪ್ರತಿ ಸಂಜೆ ಆ ಕಲ್ಲೇ ನಮ್ಮ ದವಾಖಾನೆ. ಅವಳ ಮಂಡಿ ನೋವು, ನನ್ನ ನಿದ್ದೆ, ಭತ್ತದ ಗದ್ದೆಗೆ ಬಂದ ಹುಳ, ಎಲ್ಲದಕ್ಕೂ ಅಲ್ಲಿಯೇ ಚಿಕಿತ್ಸೆ. ಎಷ್ಟು ಹಗುರಾಗುತ್ತಿತ್ತು ಜೀವ!

ಭಾವನವರಿಗೂ ನಿದ್ದೆಯಿಲ್ಲ ಎಂದು ಅಕ್ಕನೇ ಒಂದು ದಿನ ಹೇಳಿದಳು. ನಾನು ತಂಬಿಗೆಗೆ ಕಷಾಯ ಹೊಯ್ದು ತಟ್ಟೆ ಮುಚ್ಚಿ ಕೊಟ್ಟೆ. ಯಾವ ಮನೆಯದು ಎಂದು ಅವರು ಕೇಳಲಿಲ್ಲವಂತೆ, ಕುಡಿದರಂತೆ. ನಿಂಬೆಹುಲ್ಲು ಎಲ್ಲಿ ಬೆಳೆದಿದೆ ಎಂದು ತಿಳಿಯದಷ್ಟು ಕುರುಡರೇ ಅವರು? ಕೆಲವು ದಿನಗಳಲ್ಲಿ ತಕರಾರೂ ಬರತೊಡಗಿತು. ಔಷಧದಲ್ಲಿ ಶುಂಠಿ ಕಡಿಮೆಯಾಗಿದೆಯಂತೆ, ಬೆಲ್ಲ ಹೆಚ್ಚಾಗಿದೆಯಂತೆ. ಔಷಧ ಕುಡಿಯುವವರು ರುಚಿ ಹೇಳುವುದನ್ನು ನಾನು ಅಲ್ಲೇ ಕೇಳಿದ್ದು. ಅಕ್ಕ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಇತ್ತ ನಮ್ಮವರೂ ಏನೂ ಕಾಣದವರಂತೆ ಇದ್ದರು. ಒಂದು ದಿನ ನಾನು ಮರೆತು ನಮ್ಮಿಬ್ಬರಿಗಷ್ಟೇ ನೀರಿಟ್ಟೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಪಾತ್ರೆಯೊಳಗೆ ಇಣುಕಿದರು.

“ನೀರ ಕಡಿಮಿ ಇಟ್ಟೀಯಲ್ಲ,” ಎಂದು ಹೊರಗೆ ಹೋದರು.

ಹೀಗೆ ನಾಲ್ಕೂ ಜನಕ್ಕೆ ಗೊತ್ತಿತ್ತು, ನಾಲ್ಕೂ ಜನ ಬಾಯಿ ಬಿಡಲಿಲ್ಲ. ಇಷ್ಟಾದರೂ ಆಯಿತಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಆದರೂ ಮೊಮ್ಮಗ ಬಂದು ಆ ಮನೆಗೂ ಈ ಮನೆಗೂ ಓಡಾಡುವಾಗ, ಹಿಂದೆ ಹಿಂದೆ ಹೋಗಲಾರದ ನನ್ನ ಗಂಡ ಹೊಸ್ತಿಲಲ್ಲೇ ನಿಲ್ಲುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಅಕ್ಕನ ತಾಯಿಗೆ ಹುಷಾರಿಲ್ಲವೆಂದು ಅಕ್ಕ ಮಾಸೂರಿಗೆ ಹೋದಳು. ಭಾವನವರಿಗೆ ಊಟಕ್ಕೆ ತೊಂದರೆಯಿರಲಿಲ್ಲ, ಓಣಿಯ ಖಾನಾವಳಿಯಿಂದ ರೊಟ್ಟಿ ಬರುತ್ತಿತ್ತು. ಔಷಧ ಒಯ್ಯುವವರೇ ಇಲ್ಲ. ಮೊದಲ ಸಂಜೆ ತಂಬಿಗೆ ತುಂಬಿ ಒಗೆಯುವ ಕಲ್ಲಿನ ಮೇಲಿಟ್ಟು ಬಂದೆ. ಕತ್ತಲಾದ ಮೇಲೆ ಹೋಗಿ ನೋಡಿದರೆ ಹಾಗೇ ಆರಿ ತಣ್ಣಗಾಗಿತ್ತು. ಮರುದಿನವೂ ಅದೇ. ನನಗೆ ಅಳುವೇ ಬಂತು. ಅಕ್ಕನ ಕೈಯಿಂದಾದರೆ ಔಷಧ, ಕಲ್ಲಿನಿಂದ ತಾವೇ ಎತ್ತಿಕೊಂಡರೆ ಅದು ನಮ್ಮ ಮನೆಯ ನೀರು. ಅವರ ಲೆಕ್ಕ ನನಗೆ ತಿಳಿಯಿತು. ಇನ್ನು ಇದೂ ಮುಗಿಯಿತು ಎಂದುಕೊಂಡೆ.

ಮುಂದಿನ ಸಂಜೆ ಮಳೆ ನಿಂತು ಹೊಳವಾಗಿತ್ತು. ನಾನು ಒಲೆಯ ಮುಂದಿದ್ದೆ, ನಮ್ಮವರು ಒಳಗೆ ಪೇಪರು ಓದುತ್ತಿದ್ದರು. ಮುಂಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಹಿತ್ತಲಿನಿಂದಲ್ಲ, ಮುಂಬಾಗಿಲಿನಿಂದ. ಇಣುಕಿದರೆ ಭಾವನವರು. ಚಪ್ಪಲಿ ಕೆಳಗೆ ಬಿಟ್ಟು ಕಟ್ಟೆಯ ತುದಿಗೆ, ಬಸ್ಸಿಗೆ ಕಾಯುವವರಂತೆ ಕೂತಿದ್ದರು. ತಲೆಯ ಮೇಲೆ ಸೆರಗು ಎಳೆದುಕೊಂಡು, ಇದ್ದ ಕಷಾಯವನ್ನೇ ಲೋಟಕ್ಕೆ ಹೊಯ್ದು ಒಯ್ದು ಪಕ್ಕದಲ್ಲಿಟ್ಟೆ.

ಅವರು ಲೋಟ ನೋಡಿದರು, ಮುಟ್ಟಲಿಲ್ಲ.

“ಔಷಧ ಬ್ಯಾಡವಾ ತಂಗಿ,” ಅಂದರು. “ನನಗೇನ ಜಡ್ಡಾಗಿಲ್ಲ. ಒಂದೀಟು ಚಹಾ ಮಾಡು.”

ಆ ಮಾತು ಕೇಳಿ ನನ್ನ ಕಣ್ಣು ತುಂಬಿತು, ಅದರ ಹಿಂದೆಯೇ ಗಾಬರಿಯೂ ಆಯಿತು. ಎಲ್ಲಿಯ ಚಹಾ? ನಾವಿಬ್ಬರೂ ಬಿಟ್ಟು ಎಷ್ಟೋ ದಿನವಾಗಿ ಮನೆಯಲ್ಲಿ ಚಹಾಪುಡಿಯ ಡಬ್ಬಿಯೇ ಇರಲಿಲ್ಲ. ಹಾಲೆಲ್ಲ ಬೆಳಿಗ್ಗೆಯೇ ಹೆಪ್ಪು ಹಾಕಿಯಾಗಿತ್ತು. ಒಳಗೆ ಓಡಿ ನಮ್ಮವರಿಗೆ ಪಿಸುಮಾತಿನಲ್ಲಿ ಹೇಳಿದೆ. ಅವರು ಮೊದಲೇ ಪೇಪರು ಕೆಳಗಿಟ್ಟು ಎದ್ದು ನಿಂತಿದ್ದರು. ಗೂಟದ ಮೇಲಿನ ಚೀಲ ತೆಗೆದುಕೊಂಡು ಹೊರಗೆ ಹೋದರು, ನಾನು ಹಿಂದೆಯೇ ಹೋದೆ. ಚಪ್ಪಲಿಗೆ ಕಾಲು ಹುಡುಕುತ್ತ, ಅಣ್ಣನ ಮುಖ ನೋಡದೆ ಹೇಳಿದರು:

“ಹಾಲು, ಚಹಾಪುಡಿ ತರ್ತೇನಿ. ಎದ್ದು ಹೋಗಬ್ಯಾಡಣ್ಣಾ.”

ಭಾವನವರು ಕಟ್ಟೆಯ ತುದಿಯಿಂದ ಹಿಂದಕ್ಕೆ ಸರಿದು, ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ ಕೂತರು.

“ನೀ ಬರೂತನಕಾ ಇಲ್ಲೇ ಕುಂತಿರ್ತೇನಿ,” ಅಂದರು. “ಹಗೂರಕ ಹೋಗು, ರಸ್ತೆ ಜಾರತೈತಿ.”