ಕೊಸರಿಲ್ಲದ ತೂಕ

ನಿಂಗೇಗೌಡರು ಯಾರನ್ನೂ ‘ಚೆನ್ನಾಗಿದ್ದೀರಾ’ ಎಂದು ಕೇಳಿದವರಲ್ಲ. ಎದುರಿಗೆ ಸಿಕ್ಕವರ ಕೈಯಲ್ಲಿ ಚೀಲವಿದ್ದರೆ ಮೊದಲು ಅದನ್ನು ತಮ್ಮ ಎಡಗೈಗೆ ತೆಗೆದುಕೊಳ್ಳುತ್ತಿದ್ದರು. ಕಣ್ಣು ಮುಚ್ಚಿ ಕ್ಷಣಕಾಲ ನಿಂತು, ‘ಮೂರೂಕಾಲು’ ಎಂದೋ ‘ನಾಕಕ್ಕೆ ಚೂರು ಕಮ್ಮಿ’ ಎಂದೋ ಹೇಳಿ ಹಿಂತಿರುಗಿಸುತ್ತಿದ್ದರು. ಕುಶಲ ವಿಚಾರಣೆ ಅಲ್ಲಿಗೆ ಮುಗಿಯುತ್ತಿತ್ತು.

ಅವರು ತೀರಿಕೊಂಡ ಮೇಲೆ ಮೈಸೂರಿನ ನಮ್ಮ ಕೃಷ್ಣಮೂರ್ತಿಪುರಂನಲ್ಲಿ ಅವರ ಬಗ್ಗೆ ಕಥೆಗಳು ಬೆಳೆಯುತ್ತಿವೆ. ಮುಟ್ಟದೆಯೇ, ಬರಿಗಣ್ಣಿನಿಂದ ತೂಕ ಹೇಳುತ್ತಿದ್ದರಂತೆ. ಜೀವಮಾನದಲ್ಲಿ ಒಮ್ಮೆಯೂ ತಪ್ಪಿದವರಲ್ಲವಂತೆ. ‘ಅಂತೆ’ ಎಂದು ಮುಗಿಯುವ ವಾಕ್ಯವನ್ನು ನಾನು ಸುಲಭವಾಗಿ ಒಪ್ಪುವವನಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟು, ಅಗ್ರಹಾರದ ಅಚ್ಚುಕೂಟವೊಂದರಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುತ್ತ ಓದು ಕಲಿತವನು. ದೊಡ್ಡವರೆನಿಸಿಕೊಂಡವರ ಹಸ್ತಪ್ರತಿಗಳಲ್ಲಿ ಎಂತೆಂಥ ತಪ್ಪುಗಳಿರುತ್ತವೆ ಎಂಬುದನ್ನು ಬಲ್ಲೆ. ಗೌಡರು ತಪ್ಪಿದ್ದುಂಟು. ಅದನ್ನು ಹಿಡಿದವನು ನಾನೇ. ಆ ತಪ್ಪಿನ ಮೇಲೂ ನಮ್ಮ ಮನೆ ಅವರಿಗೆ ಇಂದಿಗೂ ಋಣಿಯಾಗಿರುವುದರಿಂದ ಇದ್ದದ್ದನ್ನು ಇದ್ದಂತೆ ಬರೆದಿಡುತ್ತಿದ್ದೇನೆ.

ಗೌಡರು ಹಿನಕಲ್ಲಿನವರು. ಆ ಊರು ನಗರದೊಳಗೆ ಕರಗಿ ಹೊಲಗಳೆಲ್ಲ ಸೈಟುಗಳಾಗುವುದಕ್ಕೆ ಬಹಳ ಮೊದಲೇ ದವಸದ ಮಂಡಿಯೊಂದಕ್ಕೆ ತೂಕದವರಾಗಿ ಸೇರಿ, ಮಂಡಿ ಚಿಪ್ಪು ಸವೆಯುವವರೆಗೂ ಮಂಡಿಯಲ್ಲೇ ದುಡಿದರು. (ಈ ಮಾತು ಅವರದೇ, ಹೇಳಿ ತಾವೇ ಮೊದಲು ನಗುತ್ತಿದ್ದರು.) ಅನಂತರ ನಮ್ಮ ಬೀದಿಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟಿದ್ದ ಮಗಳು ಸಾವಿತ್ರಿಯ ಜೊತೆಗೆ ಪ್ರತಿದಿನ ಬಂದು, ಅಂಗಡಿಯ ಮುಂದೆ ಸ್ಟೂಲಿನ ಮೇಲೆ ಕೂರುತ್ತಿದ್ದರು. ಬೀದಿಯವರು ವಿಮಾನದಲ್ಲಿ ಓಡಾಡತೊಡಗಿದ ಈ ಕಾಲದಲ್ಲಿ ಅವರಿಗೆ ಹೊಸ ಉದ್ಯೋಗವೊಂದು ತಾನಾಗಿ ಒದಗಿತು. ಹೆಚ್ಚು ತೂಕಕ್ಕೆ ದಂಡ ಕಟ್ಟಲು ಹೆದರಿದವರು ಹೊರಡುವ ಹಿಂದಿನ ದಿನ ಅವರನ್ನು ಕರೆಯುವರು. ಅವರು ಬಟ್ಟೆಯಲ್ಲಿ ಸುತ್ತಿದ ಹಳೆಯ ಸ್ಪ್ರಿಂಗ್ ತಕ್ಕಡಿಯೊಡನೆ ಬರುವರು. ಒಂದು ಲೋಟ ಕಾಫಿಯ ಹೊರತು ಏನನ್ನೂ ಮುಟ್ಟುತ್ತಿರಲಿಲ್ಲ. ಸ್ವತಃ ಒಮ್ಮೆಯೂ ವಿಮಾನ ಹತ್ತಿದವರಲ್ಲ.

ಕಟ್ಟಿದ ಪೆಟ್ಟಿಗೆಯನ್ನು ಅವರು ತೂಗುತ್ತಿರಲಿಲ್ಲ. ‘ಸಾಮಾನು ಮೋಸ ಮಾಡಕಿಲ್ಲ ಸ್ವಾಮಿ, ಚೀಲ ಮಾಡ್ತದೆ. ಬಿಚ್ಚಿ’ ಎನ್ನುವರು. ಎಲ್ಲವೂ ಚಾಪೆಯ ಮೇಲೆ ಬರಬೇಕು. ಬಂದ ಮೇಲೆ ಒಂದೊಂದನ್ನೂ ಎತ್ತಿ, ಇದೇನು ಎಂದಲ್ಲ, ಇದು ಯಾರದು ಎಂದು ಕೇಳುವರು.

ನಮ್ಮ ಮನೆಗೆ ಅವರು ಬಂದದ್ದು ನಾನು, ಹೆಂಡತಿ ಕಮಲ, ಮಗ, ಸೊಸೆ ನಾಲ್ವರೂ ದಿಲ್ಲಿಗೆ ಹೊರಟಾಗ. ಅಲ್ಲಿ ತನ್ನ ಮಗಳ ಮನೆಯಲ್ಲಿರುವ ನನ್ನ ಅಣ್ಣನಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಗಿತ್ತು. ಅಣ್ಣನೂ ಅದೇ ಅಚ್ಚುಕೂಟದಲ್ಲಿ ನನ್ನ ಪಕ್ಕದಲ್ಲೇ ನಿಂತು ಮೊಳೆ ಜೋಡಿಸಿದವನು. ಅವನ ಬೆರಳಿನ ವೇಗ ನನಗೆ ಎಂದೂ ಬರಲಿಲ್ಲ. ಬೆರಳಿಗೆ ಕೆಲಸ ಕೊಡದಿದ್ದರೆ ಕೈ ಮರಳಿ ಬಾರದು ಎಂದು ವೈದ್ಯರು ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರಂತೆ. ಅವನು ಅದನ್ನು ಎಸೆದು ನನಗೆ ಫೋನು ಮಾಡಿಸಿದ: ‘ನಾನೇನು ಮಗೂನೇನೋ ಚೆಂಡಾಡೋಕೆ? ಮೊಳೆ ತಗೊಂಡ್ ಬಾರೋ.’ ಅಚ್ಚುಕೂಟ ಮುಚ್ಚಿ ಮೊಳೆಗಳೆಲ್ಲ ಕುಲುಮೆಗೆ ಹೋದಾಗ ನಾನು ಒಂದಷ್ಟನ್ನು ಕೇಳಿ ತಂದು ಮನೆಯಲ್ಲಿಟ್ಟಿದ್ದೆ. ಸೀಸ, ಹಿಡಿಯಷ್ಟಿದ್ದರೂ ಕಲ್ಲಿನ ಭಾರ.

ತಲೆಗೆ ಹದಿನೈದು ಕೆಜಿಯಷ್ಟೇ ಉಚಿತವಾಗಿ ಒಯ್ಯಬಹುದಾಗಿತ್ತು. ‘ಫ್ಯಾಮಿಲಿ ಅಂದ್ರೆ ಎಲ್ಲಾ ಒಟ್ಟಿಗೇ ತೂಗ್ತಾರೆ ಬಿಡಿ ಅಂಕಲ್’ ಎಂದರು ಎದುರು ಮನೆಯವರು. ನಾನು ಕನ್ನಡಕ ಹಾಕಿಕೊಂಡು ಟಿಕೆಟ್ಟಿನ ನಿಬಂಧನೆಗಳನ್ನು ಕೊನೆಯವರೆಗೂ ಓದಿದೆ. ಒಂದೇ ಟಿಕೆಟ್ಟಿನಲ್ಲಿರುವವರಿಗೆ ಮಾತ್ರ ಆ ಸೌಲಭ್ಯ. ಮಗ ನಾಲ್ವರದನ್ನೂ ಬೇರೆ ಬೇರೆಯಾಗಿ ಕೊಂಡಿದ್ದ.

ಗೌಡರು ಚಾಪೆಯ ಮುಂದೆ ಕುಳಿತು ಪೊಟ್ಟಣವೊಂದನ್ನು ಎತ್ತಿದರು.

‘ಇದ್ಯಾರ್ದವ್ವಾ?’

‘ಭಾವನೋರ್ಗೆ ಕಣ್ರೀ, ಹುಣಿಸೇಹಣ್ಣು’ ಎಂದಳು ಕಮಲ.

‘ಅವ್ರು ಕೇಳಿದ್ರಾ?’

‘ಕೇಳ್ತಾರಾ ಯಾರಾದ್ರೂ? ನಾವೇ ತಗೊಂಡ್ ಹೋಗ್ಬೇಕಪ್ಪ.’

‘ಅಂಗಾದ್ರೆ ಇದು ನಿಮ್ದು. ಆ ಕಡೀಕ್ ಇಡಿ.’

ಉಪ್ಪಿನಕಾಯಿ ಆ ಕಡೆಗೆ ಹೋಯಿತು. ಚಕ್ಕುಲಿಯ ಡಬ್ಬಿ ಹೋಯಿತು. ‘ನಿಮ್ ಗೌಡ್ರು ಮಂಡಿಗಲ್ಲ, ಕೋರ್ಟಿಗೆ ಸೇರ್ಬೇಕಿತ್ತು’ ಎಂದು ಕಮಲ ನನ್ನ ಮೇಲೆ ಹರಿಹಾಯ್ದಳು. ನನಗೆ ನಗು ಬಂತು.

‘ನಗಬ್ಯಾಡಿ ಸ್ವಾಮಿ. ಈ ನಾಕು ಇಟ್ಟಿಗೆ ಯಾರ್ದು?’

‘ಅವು ಪುಸ್ತಕ ಗೌಡ್ರೇ. ಅಣ್ಣನಿಗೆ ಓದಿ ಹೇಳೋಣ ಅಂತ.’

‘ಅವ್ರು ಕೇಳಿದ್ದು ಏನು?’

‘ಮೊಳೆ.’

‘ಅಂಗಾದ್ರೆ ಇಟ್ಟಿಗೆ ನಿಮ್ದು. ಆ ಕಡೀಕೆ.’

ಹೀಗೆ ಕೊನೆಗೆ ಉಳಿದದ್ದು ಬಟ್ಟೆ, ದಿಲ್ಲಿಯ ಚಳಿಗೆ ಉಣ್ಣೆ, ಔಷಧಿ ಮತ್ತು ಅಣ್ಣನ ಮೊಳೆಗಳು. ಪ್ರೀತಿಯೆಂದು ನಾವು ಕಟ್ಟಿದ್ದ ಭಾರದಲ್ಲಿ ಅಣ್ಣ ಕೇಳಿದ್ದು ಎಷ್ಟು ಕಡಿಮೆಯಿತ್ತೆಂಬುದನ್ನು ನನಗೆ ಕಾಣಿಸಿಕೊಟ್ಟವರು ಅವರು. ಮೊಳೆಗಳ ಪೆಟ್ಟಿಗೆಯನ್ನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಎತ್ತಿ ಹಿಡಿದು, ‘ಹದಿನೈದು. ಸರಿಯಾಗದೆ’ ಎಂದರು.

ಅವರು ಅತ್ತ ಹೋಗುತ್ತಲೇ ನಾನು ಪೆಟ್ಟಿಗೆಯನ್ನು ಆಟೋದಲ್ಲಿಟ್ಟುಕೊಂಡು ಅಗ್ರಹಾರದ ಹಳೇ ಪೇಪರ್ ಅಂಗಡಿಗೆ ಒಯ್ದೆ. ಅಲ್ಲಿನ ಎಲೆಕ್ಟ್ರಾನಿಕ್ ತಕ್ಕಡಿ ಹದಿನೈದೂಮುಕ್ಕಾಲು ತೋರಿಸಿತು. ಅದನ್ನೂ ನಂಬದೆ ಪಕ್ಕದ ಗುಜರಿಯಲ್ಲಿ ತೂಗಿಸಿದೆ. ಅಷ್ಟೇ. ಗೆದ್ದವನ ಹಾಗೆ ಬಂದು ಸ್ಟೂಲಿನ ಮುಂದೆ ನಿಂತೆ.

ಗೌಡರು ವಾದಿಸಲಿಲ್ಲ. ಮನೆಗೆ ಬಂದು ಮತ್ತೊಮ್ಮೆ ತೂಗಿ, ಮುಳ್ಳನ್ನು ಹತ್ತಿರದಿಂದ ನೋಡಿದರು. ಅದು ಹದಿನೈದರ ಗೆರೆ ದಾಟಿ ನಿಂತಿತ್ತು. ತೊಡೆ ತಟ್ಟಿಕೊಂಡು ನಕ್ಕರು.

‘ಕೊಸರು ಸ್ವಾಮಿ, ಕೊಸರು! ತೂಗಿದ್ಮೇಲೆ ಗಿರಾಕಿಗೆ ಒಂದ್ ಹಿಡಿ ಮ್ಯಾಲಕ್ಕೆ ಆಕ್ತೀವಲ್ಲ, ಅದು. ಜನ್ಮ ಎಲ್ಲಾ ಕೊಸರು ಕೊಟ್ಟು ಕೊಟ್ಟು, ಮುಳ್ಳು ಗೆರೆ ಮೇಲೇ ನಿಂತ್ರೆ ನನ್ ಕಣ್ಣಿಗೆ ಅದು ಕಮ್ಮಿ ತೂಕ. ದಾಟಿದ್ರೇನೇ ಸರಿ ಅನ್ಸೋದು. ಮಂಡೀಲಿ ಕೊಸರು ಧರ್ಮ. ವಿಮಾನದಲ್ಲಿ ಕೊಸರು ದಂಡ!’

‘ಹಾಗಾದ್ರೆ ಹದಿನೈದಕ್ಕೆ ಇಳಿಸೋಣ.’

‘ಹದಿನೈದಲ್ಲ, ಹದಿನಾಕು. ನಿಮ್ ತಕ್ಕಡಿ ಒಂದ್ ಹೇಳಿದ್ರೆ ಅವ್ರ ತಕ್ಕಡಿ ಒಂದ್ ಹೇಳ್ತದೆ. ಈ ಸಲ ಕೊಸರನ್ನ ಅವ್ರಿಗೆ ನಾವು ಬುಡ್ಬೇಕು.’

ಮೊಳೆಗಳ ಎರಡು ಪೊಟ್ಟಣ ತೆಗೆದೆ. ಬೇರೆ ಪೆಟ್ಟಿಗೆಗಳೂ ಹದಿನಾಲ್ಕರ ಅಂಚಿನಲ್ಲಿದ್ದವು. ಸೋತ ಗೌಡರೆದುರು ಗೆದ್ದ ಉತ್ಸಾಹದಲ್ಲಿ ಪೊಟ್ಟಣದ ಮೇಲಿನ ಚೀಟಿಯನ್ನು ಓದಲಿಲ್ಲ. ಜೀವನವಿಡೀ ಓದಿಯೇ ಬದುಕಿದವನು ಓದದೆ ಹೋದದ್ದು ಹೀಗೆ. ಅದರಲ್ಲಿ ಒಂದು, ಅಚ್ಚಿನಲ್ಲಿ ಬೇರೆಯಾಗಿಯೇ ಎರಕ ಹೊಯ್ಯುವ ಅನುಸ್ವಾರದ ಸೊನ್ನೆಗಳ ಪೊಟ್ಟಣವಾಗಿತ್ತು.

ಮಾರನೆಯ ದಿನ ವಿಮಾನ ನಿಲ್ದಾಣದ ತಕ್ಕಡಿ ಆ ಪೆಟ್ಟಿಗೆಗೆ ಹದಿನಾಲ್ಕೂವರೆ ತೋರಿಸಿತು. ಪೆಟ್ಟಿಗೆ ಪಟ್ಟಿಯ ಮೇಲೆ ಸರಿದು ಮರೆಯಾಗುವವರೆಗೂ ನಾನು ಕದಲಲಿಲ್ಲ. ಪಕ್ಕದ ಸಾಲಿನಲ್ಲಿ ಒಂದು ಸಂಸಾರ ನೆಲದ ಮೇಲೆ ಎಲ್ಲವನ್ನೂ ಹರವಿಕೊಂಡು ಒಬ್ಬರನ್ನೊಬ್ಬರು ಬೈಯುತ್ತಿತ್ತು. ಕಮಲ ನನ್ನ ತೋಳು ಹಿಡಿದು, ‘ಬಂದ ಮೇಲೆ ಗೌಡ್ರಿಗೆ ಚಕ್ಕುಲಿ ಕೊಡ್ಬೇಕು ರೀ’ ಎಂದಳು.

ಅಣ್ಣನ ಬೆರಳಿನಿಂದ ಮೊದಲ ದಿನ ಪ್ರತಿಯೊಂದು ಮೊಳೆಯೂ ಜಾರಿ ಹಾಸಿಗೆಯ ಮೇಲೆ ಬಿತ್ತು. ಆರಿಸಿ ಕೊಡಲು ಹೋದರೆ, ‘ಮುಟ್ಟಬೇಡ ಕಣೋ’ ಎಂದು ಗದರಿದ. ಹನ್ನೊಂದನೆಯ ದಿನ ಒಂದು ಹೆಸರು ಜೋಡಿಸುವಷ್ಟಾಯಿತು. ಯಾರ ಹೆಸರೆಂದು ನಾವು ಹೇಳಬೇಕಾಗಲಿಲ್ಲ. ಅಷ್ಟು ದಿನವೂ ಮನೆಯಲ್ಲಿ ಗೌಡರ ಮಾತೇ ಆಗಿತ್ತು. ಸೊನ್ನೆ ಹುಡುಕಿದ. ಇಲ್ಲ. ಅದರ ಜಾಗವನ್ನು ಖಾಲಿ ಬಿಟ್ಟು, ರಬ್ಬರ್ ಸ್ಟಾಂಪಿನ ಶಾಯಿ ಹಚ್ಚಿ, ಕಾಗದದ ಮೇಲೆ ಒತ್ತಿದ: ನಿ ಗೇಗೌಡ.

ಮೈಸೂರಿಗೆ ಮರಳಿ ಅದನ್ನು ಗೌಡರಿಗೆ ಕೊಟ್ಟೆ. ಎರಡೂ ಕೈಗಳಲ್ಲಿ ಹಿಡಿದು ನೋಡಿದರು.

‘ಒಂದು ಸೊನ್ನೆ ಬಿಟ್ಟುಹೋಗಿದೆ ಗೌಡ್ರೇ. ತೂಕಕ್ಕೆ ಅಂತ ತೆಗೆದೆನಲ್ಲ, ಆ ಪೊಟ್ಟಣದಲ್ಲಿತ್ತು.’

‘ಸೊನ್ನೆಗೂ ತೂಕ ಅದಾ ಸ್ವಾಮಿ?’

‘ಸೀಸದ ಸೊನ್ನೆ ಕಣ್ರೀ.’

ಕೆಮ್ಮು ಬರುವಷ್ಟು ನಕ್ಕರು. ‘ಅಣ್ಣಾವ್ರ ಬೆರಳು?’ ಎಂದು ಕೇಳಿದರು. ಆಡುತ್ತಿದೆ ಎಂದೆ. ‘ಅಷ್ಟಾದ್ರೆ ಸಾಕು ಬುಡಿ’ ಎಂದು ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಅದೇ ಕೊನೆಯ ಭೇಟಿ. ಮರುವಾರದಿಂದ ಸಾವಿತ್ರಿ ಒಬ್ಬಳೇ ಅಂಗಡಿಗೆ ಬರತೊಡಗಿದಳು, ತಂದೆಗೆ ಉಬ್ಬಸವೆಂದಳು. ಹಿನಕಲ್ಲಿಗೆ ಹೋಗಿ ನೋಡಿಬರಬೇಕೆಂದು ನಾನು ಅಂದುಕೊಳ್ಳುತ್ತಲೇ ಇದ್ದೆ. ಅಂದುಕೊಳ್ಳುತ್ತಿರುವಾಗಲೇ ಅವರು ಹೋದರು.

ಸೊನ್ನೆಗಳನ್ನು ನಾನು ಮೊದಲೇ ಅಂಚೆಯಲ್ಲಿ ಕಳಿಸಿದ್ದೆ. ಅಣ್ಣ ಒಂದೇ ಬೆಳಗಿನಲ್ಲಿ ಇಡೀ ಹೆಸರನ್ನು ಜೋಡಿಸಿ ಒತ್ತಿ ಕಳಿಸಿದ ಕಾಗದ ತಿಥಿ ಮುಗಿದ ಮೇಲೆ ತಲುಪಿತು. ಅದನ್ನು ಸಾವಿತ್ರಿಯ ಕೈಗೆ ಕೊಟ್ಟೆ.

‘ಅಪ್ಪಂಗೆ ಓದಕ್ಕೆ ಬರ್ತಿರ್ಲಿಲ್ಲ ಸಾರ್’ ಎಂದಳು ಅವಳು. ‘ಅಂಕಿ ಬಿಟ್ರೆ ಒಂದಕ್ಸರಾನೂ ಗೊತ್ತಿರ್ಲಿಲ್ಲ. ಆದ್ರೂ ನೀವ್ ಕೊಟ್ಟಿದ್ ಚೀಟೀನ ಬಂದೋರ್ಗೆಲ್ಲ ಬಿಚ್ಚಿ ತೋರ್ಸೋದು. ಇಲ್ಲೊಂದು ಸೊನ್ನೆ ಇರ್ಬೇಕಿತ್ತು ಕಣ್ರಪ್ಪಾ, ವಿಮಾನಕ್ಕೆ ಬಾರ ಆಯ್ತು ಅಂತ ಬಿಟ್ಬಂದವ್ರೆ ಅಂತ ಬೆರಳಿಟ್ಟು ತೋರ್ಸೋದು.’

‘ಬೆರಳು ಸರಿಯಾದ ಜಾಗದಲ್ಲೇ ಇಡ್ತಿದ್ರಾ?’ ಎಂದು ಕೇಳದೆ ಇರಲಾಗಲಿಲ್ಲ.

‘ಊ ಸಾರ್, ಮೊದಲ್ನೇ ಅಕ್ಸರ ಆದ್ಮೇಲೆ. ಒಂದ್ ಸಲಾನೂ ತಪ್ಪಿಲ್ಲ. ನೀವೇ ತೋರ್ಸಿಕೊಟ್ಟಿದ್ರಂತಲ್ಲ.’

ನಾನು ತೋರಿಸಿಕೊಟ್ಟ ನೆನಪು ನನಗಿಲ್ಲ. ಆ ಖಾಲಿ ಜಾಗವನ್ನು ಅವರು ಬರಿಗಣ್ಣಿನಿಂದಲೇ ತೂಗಿರಬೇಕು.